ಆಕಾಶದಿಂದ ಇಳಿಯಲು ಕಲಿತವರು

ಯುದ್ಧದ ವಿಷಯವನ್ನೆತ್ತಿ ಮಾತನಾಡಲು ಕನ್ನಡ ಮೇಷ್ಟರಿಗೆ ಏನು ಅಧಿಕಾರವೆಂದು ತಮ್ಮಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಬಂದೂಕನ್ನು ಕೈಯಲ್ಲಿ ಹಿಡಿದವನಲ್ಲ. ವಿಮಾನದಿಂದ ಹಾರುವ ಮಾತಿರಲಿ, ಎತ್ತರದ ಮಾಳಿಗೆಯಿಂದ ಕೆಳಗೆ ನೋಡಿದರೂ ಮೊಣಕಾಲು ಸಡಿಲವಾಗುವವನು. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಕಾವ್ಯವನ್ನು ಪಾಠ ಹೇಳಿದವನು ಯುದ್ಧದಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಪಂಪನನ್ನು ತೆರೆದರೆ ಯುದ್ಧ, ರನ್ನನನ್ನು ತೆರೆದರೆ ಯುದ್ಧ, ಕುಮಾರವ್ಯಾಸನಲ್ಲಂತೂ ಪರ್ವಗಟ್ಟಲೆ ಯುದ್ಧ. ಈ ಕಾವ್ಯಗಳನ್ನು ಓದಿಸುತ್ತ ಓದಿಸುತ್ತ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಕರ್ಣನಿಗೆ ಮಾತಿದೆ, ದುರ್ಯೋಧನನಿಗೆ ಮಾತಿದೆ, ಅಶ್ವತ್ಥಾಮನಿಗೂ ಇದೆ. ಹದಿನೆಂಟು ಅಕ್ಷೌಹಿಣಿಯ ಆಳುಕಾಳಿಗೆ ಮಾತಿಲ್ಲ. ಅವರು ಲೆಕ್ಕಕ್ಕೆ ಉಂಟು, ಕಥೆಗೆ ಇಲ್ಲ.

ಇಂದು ನಾನು ಹೇಳಹೊರಟಿರುವುದು ಅಂಥ ಲೆಕ್ಕದ ಆಳುಗಳ ಒಂದು ಸಣ್ಣ ಪಂಗಡದ ವಿಚಾರ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿ ಮೊತ್ತಮೊದಲು ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಹಾರಲು ಕಲಿತ ಸೈನಿಕರು ಅವರು. ಸೈನ್ಯದ ದಫ್ತರಿನಲ್ಲಿ ಅವರ ಹೆಸರು 50ನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡು. ಉತ್ತರದ ದಂಡಿನ ಆಡುಮಾತಿನಲ್ಲಿ ಅಂಥವರದು ‘ಛತ್ರೀ ಸೇನೆ’. ಛತ್ರಿ ಎಂಬ ಮಾತು ನನಗೆ ಹೆಚ್ಚು ಪ್ರಿಯ. ಮಳೆಬಿಸಿಲಿಗೆ ಹಿಡಿಯುವ ಬಡ ಛತ್ರಿಯೂ ಅದರಲ್ಲಿದೆ, ರಾಜನ ತಲೆಯ ಮೇಲಿನ ಶ್ವೇತಚ್ಛತ್ರವೂ ಇದೆ.

ಪ್ಯಾರಾಚೂಟಿನ ದಂಡುಗಳ ಕಲ್ಪನೆ ನಮ್ಮದಲ್ಲ. 1940ರ ಮೇ ತಿಂಗಳಿನಲ್ಲಿ ಜರ್ಮನರು ಹಾಲೆಂಡು ಬೆಲ್ಜಿಯಂಗಳ ಮೇಲೆ ಆಕಾಶದಿಂದ ಸೈನಿಕರನ್ನಿಳಿಸಿದಾಗ ಲೋಕ ಬೆಚ್ಚಿತು. ಮರುವರ್ಷ ಅದೇ ತಿಂಗಳಲ್ಲಿ ಕ್ರೀಟ್ ದ್ವೀಪವನ್ನು ಅವರು ಹೆಚ್ಚಾಗಿ ಈ ವಿಧಾನದಿಂದಲೇ ಗೆದ್ದರು. ಗೆಲುವಿಗೆ ತೆತ್ತ ಬೆಲೆಯನ್ನು ಕಂಡು ಹಿಟ್ಲರನೇ ಆಮೇಲೆ ಅಂಥ ದೊಡ್ಡ ಸಾಹಸಕ್ಕೆ ಕೈಹಾಕಲಿಲ್ಲ. ಆದರೆ ಆ ಗೆಲುವನ್ನು ನೋಡಿದ ಶತ್ರುಗಳು ತಾವೂ ಕೈಹಾಕಿದರು. 1941ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಮ್ಮ ಬ್ರಿಗೇಡು ಹುಟ್ಟಿತು. ಅದರಲ್ಲಿ ಮೂರು ಪಟಾಲಮ್ಮುಗಳು: ಬ್ರಿಟಿಷರದು 151, ಭಾರತೀಯರದು 152, ಗೂರ್ಖರದು 153. ಹಾರುವ ವಿದ್ಯೆ ಕಲಿಸುವ ಶಾಲೆ ವಿಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ ಆರಂಭವಾಯಿತು. ಇಂದು ಅದೇ ದೆಹಲಿಯ ಸಫ್ದರ್‌ಜಂಗ್ ನಿಲ್ದಾಣ.

ಶಾಲೆಯೇನೋ ತೆರೆಯಿತು, ಪಾಠಕ್ಕೆ ಸಾಮಗ್ರಿಯಿರಲಿಲ್ಲ. ಇದ್ದ ವಿಮಾನ ವ್ಯಾಲೆಂಶಿಯಾ ಎಂಬುದು. ಎರಡು ಅಂತಸ್ತಿನ ರೆಕ್ಕೆಗಳ, ಮೈಭಾರದ, ಹಳೆಯ ಕಾಲದ ಯಂತ್ರ. ಅದರ ನೆಲಕ್ಕೆ ಒಂದು ತೂತು ಕೊರೆದಿದ್ದರು. ಸೈನಿಕನು ಆ ತೂತಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಅಪ್ಪಣೆಯಾದೊಡನೆ ಮೈಯನ್ನು ನೆಟ್ಟಗೆ ಮಾಡಿ ಜಾರಿಬಿಡಬೇಕು. ಸ್ವಲ್ಪ ಮುಂದಕ್ಕೆ ಬಾಗಿದರೆ ಎದುರಿನ ಅಂಚು ಮುಖವನ್ನು ಬಡಿಯುತ್ತದೆ. ಪ್ಯಾರಾಚೂಟುಗಳೂ ಸಾಲದಾಗಿದ್ದವು, ಇಂಗ್ಲೆಂಡಿನಿಂದ ಸಮುದ್ರಮಾರ್ಗವಾಗಿ ಬರಬೇಕು, ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು. ಆಮೇಲೆ ಕಾನ್ಪುರದ ಕಾರ್ಖಾನೆ ಆ ಕೊರತೆಯನ್ನು ನೀಗಿಸತೊಡಗಿತು. ಶಾಲೆಯ ಮೊದಲ ಹಾರಾಟ ನಡೆದದ್ದು 1941ರ ಅಕ್ಟೋಬರ್ 15ರಂದು, ಕರಾಚಿಯಲ್ಲಿ. ಅಂದು ಹಾರಿದವರಲ್ಲಿ ಹಾಪ್‌ಕಿನ್ಸನ್ ಎಂಬ ತರುಣ ಅಧಿಕಾರಿಯೊಬ್ಬ; ಈತ ಮುಂದೆ ಮತ್ತೊಮ್ಮೆ ನಮಗೆ ಎದುರಾಗುತ್ತಾನೆ. ಭಾರತೀಯರಲ್ಲಿ ಮೊದಲು ಹಾರಿದವರು ಇಬ್ಬರು: ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಮತ್ತು 152ನೆಯ ಪಟಾಲಮ್ಮಿನ ವೈದ್ಯಾಧಿಕಾರಿ ಲೆಫ್ಟಿನೆಂಟ್ ಎ. ಜಿ. ರಂಗರಾಜ್. ಗಾಯಗೊಂಡವರು ಬಂದಮೇಲೆ ಕೆಲಸ ಮಾಡಬೇಕಾದ ವೈದ್ಯನೇ ಎಲ್ಲರಿಗಿಂತ ಮುಂಚೆ ಹಾರಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಮೂಳೆ ಮುರಿದರೆ ಜೋಡಿಸುತ್ತೇನೆಂದು ಹೇಳುವವನು ಮೊದಲು ತನ್ನ ಮೂಳೆಯನ್ನು ಪಣಕ್ಕಿಟ್ಟನಲ್ಲ!

ಗೂರ್ಖರ ಬಗ್ಗೆ ಒಂದು ಹಾಸ್ಯಕಥೆ ಪ್ರಸಿದ್ಧವಾಗಿದೆ, ತಾವೂ ಕೇಳಿರಬಹುದು. ಸಾವಿರ ಅಡಿ ಮೇಲಿನಿಂದ ಹಾರಲು ಯಾರು ಸಿದ್ಧರೆಂದು ಸಾಹೇಬ ಕೇಳಿದನಂತೆ. ಅರ್ಧ ಜನ ಮಾತ್ರ ಮುಂದೆ ಬಂದರಂತೆ. ಉಳಿದವರು ತಮ್ಮೊಳಗೆ ಸಮಾಲೋಚಿಸಿ, ಇನ್ನಷ್ಟು ತಗ್ಗಿನಲ್ಲಿ ವಿಮಾನ ಹಾರುವುದಾದರೆ ನಾವೂ ಸಿದ್ಧ ಎಂದರಂತೆ. ತಗ್ಗಿನಲ್ಲಿ ಹಾರಿದರೆ ಪ್ಯಾರಾಚೂಟು ಬಿಚ್ಚಿಕೊಳ್ಳುವುದಿಲ್ಲವಯ್ಯ ಎಂದು ಸಾಹೇಬ ಹೇಳಿದಾಗ, ಓಹೋ, ಪ್ಯಾರಾಚೂಟು ಬೇರೆ ಕೊಡುತ್ತೀರಾ ಎಂದು ಎಲ್ಲರೂ ಒಪ್ಪಿಕೊಂಡರಂತೆ. ಕಥೆ ಚೆನ್ನಾಗಿದೆ. ಅದನ್ನು ಕಟ್ಟಿದವರು ಗೂರ್ಖರನ್ನು ಮೆಚ್ಚಿಯೇ ಕಟ್ಟಿರಬೇಕು. ಆದರೂ ಇದು ಅಧಿಕಾರಿಗಳ ಊಟದ ಮನೆಯ ಕಥೆ, ಸಿಪಾಯಿಗಳ ಬ್ಯಾರಕ್ಕಿನದಲ್ಲ. ಭಯವನ್ನು ಅರಿಯದವನು ಧೀರನಲ್ಲ, ಮುಗ್ಧ. ಈ ಮನುಷ್ಯರು ಮುಗ್ಧರಾಗಿರಲಿಲ್ಲ. ತಾವು ಹಾರುವಾಗ ಏನಾಗಬಹುದೆಂದು ಅವರಿಗೆ ಗೊತ್ತಿತ್ತು. ಬೆನ್ನಿಗೆ ಕಟ್ಟಿದ ಚೀಲದಿಂದ ಒಂದು ಪಟ್ಟಿ ಹೊರಟು ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತದೆ. ಮನುಷ್ಯ ಬಿದ್ದಂತೆ ಆ ಪಟ್ಟಿ ಬಿಗಿದು ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ಅದು ಬಿಚ್ಚದಿದ್ದರೆ ಬದಲಿಗೆ ಇನ್ನೊಂದಿಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ಆಗ ಎರಡನೆಯ ಪ್ಯಾರಾಚೂಟು ಕೊಡುತ್ತಿರಲಿಲ್ಲ. ಬಟ್ಟೆ ಬಿಚ್ಚದೆ ಹುರಿಯಂತೆ ಸುತ್ತಿಕೊಂಡು ನೆಲಕ್ಕೆ ಬಿದ್ದವರುಂಟು. ಅದನ್ನು ಮೈದಾನದಲ್ಲಿ ನಿಂತು ಕಂಡವನು ತನ್ನ ಸರದಿ ಬಂದಾಗ ಮತ್ತೆ ವಿಮಾನ ಹತ್ತಬೇಕು. ನನಗೆ ಧೈರ್ಯವಾಗಿ ಕಾಣುವುದು ಆ ಎರಡನೆಯ ಹತ್ತುವಿಕೆ.

ಇವರೆಲ್ಲ ತಾವಾಗಿ ಮುಂದೆ ಬಂದವರು. ಬೇರೆ ಬೇರೆ ರೆಜಿಮೆಂಟುಗಳಿಂದ ಹೆಸರು ಕೊಟ್ಟು ಬಂದವರಾದ್ದರಿಂದ 152ನೆಯ ಪಟಾಲಮ್ಮಿನಲ್ಲಿ ಹಿಂದೂಗಳೂ ಮುಸಲ್ಮಾನರೂ ಒಂದೇ ಬಾವುಟದ ಕೆಳಗೆ ಸೇರಿದರು. ಏಕೆ ಬಂದರು? ಹಾರುವವರಿಗೆ ಕೊಡುವ ಹೆಚ್ಚಿನ ಭತ್ಯ ಒಂದು ಕಾರಣವಿರಬಹುದು. ಸಾಹಸದ ಹಂಬಲ ಇನ್ನೊಂದು. ಊರಿನಲ್ಲಿ ಮಳೆ ಕೈಕೊಟ್ಟದ್ದು ಮತ್ತೊಂದು. ಪರಕೀಯ ಪ್ರಭುವಿಗಾಗಿ ಕಾದಿದವರೆಂದು ಇವರನ್ನು ಹಗುರವಾಗಿ ಕಾಣುವ ಮಾತನ್ನು ನಾನು ಕೇಳಿದ್ದೇನೆ. ಹಳಗನ್ನಡವನ್ನು ಓದಿದವರು ಈ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಎಂಬ ಪದಗಳನ್ನು ನಮ್ಮ ಕವಿಗಳೂ ಶಾಸನಕಾರರೂ ಬಹು ಗೌರವದಿಂದ ಬಳಸಿದ್ದಾರೆ. ಉಂಡ ಜೋಳಕ್ಕೆ ಪ್ರಾಣವನ್ನು ತೀರಿಸುವ ಕಟ್ಟಳೆ ಅದು. ಕರ್ಣ ದುರ್ಯೋಧನನನ್ನು ಬಿಡದಿದ್ದುದು ಯಾವ ಕಾರಣಕ್ಕೆ? ಅವನ ಪಕ್ಷ ನ್ಯಾಯದ್ದೆಂದಲ್ಲ. ನಾವು ಕರ್ಣನಿಗಾಗಿ ಕಣ್ಣೀರಿಡುತ್ತೇವೆ, ಕಾಂಗ್ಡಾದ ರೈತನ ಮಗನ ಮುಂದೆ ಮಾತ್ರ ರಾಷ್ಟ್ರಧರ್ಮದ ತಕ್ಕಡಿ ಹಿಡಿದು ನಿಲ್ಲುತ್ತೇವೆ.

ಹೀಗೆಂದ ಮಾತ್ರಕ್ಕೆ ತಕ್ಕಡಿಯೇ ಬೇಡವೆಂದಲ್ಲ. ಈ ಸೈನಿಕರ ಮೊದಲ ಯುದ್ಧಕಾರ್ಯ ನಡೆದದ್ದು 1942ರ ಜುಲೈಯಲ್ಲಿ, ಸಿಂಧ್ ಪ್ರಾಂತದಲ್ಲಿ. ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಹುರ್ ಜನರನ್ನು ಹಿಡಿಯಲು 152ನೆಯ ಪಟಾಲಮ್ಮಿನ ಒಂದು ಕಂಪನಿಯನ್ನು ಮರುಭೂಮಿಯಲ್ಲಿ ಇಳಿಸಿದರು. ಕೈಗೆ ಸಿಕ್ಕವರು ಯಾರೂ ಇಲ್ಲ. ಬಿಸಿಲು ಮರಳುಗಳಲ್ಲಿ ಅಲೆದು ಹಿಂತಿರುಗಿದರು. ಜರ್ಮನರಿಗಾಗಿ, ಜಪಾನರಿಗಾಗಿ ಕಲಿತ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ಈ ನೆಲದ ಮಕ್ಕಳ ಮೇಲೆ. ಬರಿಗೈಯಲ್ಲಿ ಬಂದದ್ದೇ ಒಳ್ಳೆಯದಾಯಿತು. ಅದೇ ವರ್ಷ ಕ್ಯಾಪ್ಟನ್ ರಾಬರ್ಟ್ಸ್ ಎಂಬಾತ ಬೆರಳೆಣಿಕೆಯ ಜನರೊಂದಿಗೆ ಬರ್ಮಾದ ಉತ್ತರದಲ್ಲಿ, ಮಿಚಿನಾ ಪ್ರದೇಶದಲ್ಲಿ ಶತ್ರುವಿನ ಸುದ್ದಿ ತಿಳಿಯಲು ಇಳಿದು, ಅಲ್ಲಿಂದ ಕಾಡಿನಲ್ಲಿ ಕಾಲ್ನಡಿಗೆಯಲ್ಲಿ ಫೋರ್ಟ್ ಹರ್ಟ್ಜ್ ತಲುಪಿದ. ನೇಪಾಳದಲ್ಲಿ ಪ್ರವಾಸಿಗಳನ್ನು ಬೆಟ್ಟ ಹತ್ತಿಸುವ ಉದ್ಯಮವನ್ನು 1964ರಲ್ಲಿ ಆರಂಭಿಸಿದ ಜಿಮ್ಮಿ ರಾಬರ್ಟ್ಸ್ ಈತನೇ. ಅಷ್ಟು ದೂರ ಕಾಡುದಾರಿಯನ್ನು ಅನಿವಾರ್ಯವಾಗಿ ನಡೆದ ಮನುಷ್ಯ ಆಮೇಲೆ ಸಂತೋಷಕ್ಕಾಗಿ ನಡೆಯುವುದನ್ನು ಇತರರಿಗೆ ಕಲಿಸಿದ! 151ನೆಯ ಬ್ರಿಟಿಷ್ ಪಟಾಲಮ್ಮು 1942ರ ಕೊನೆಗೆ ಮಧ್ಯಪ್ರಾಚ್ಯಕ್ಕೆ ಹೋಯಿತು. 156 ಎಂಬ ಹೊಸ ಸಂಖ್ಯೆ ಪಡೆದು, 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಯುದ್ಧದಲ್ಲಿ ಬಹುಮಟ್ಟಿಗೆ ನಾಶವಾಯಿತು. ಅದರ ಕಥೆ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಇಲ್ಲಿ ಉಳಿದವರ ಕಥೆಗೆ ಬರೋಣ.

ಉಳಿದವರು ಎರಡು ವರ್ಷ ಹಾರಿದರು, ಓಡಿದರು, ಕಾದರು. ಚಕ್ಲಾಲ, ಕ್ಯಾಂಪ್‌ಬೆಲ್‌ಪುರ ಮೊದಲಾದ ವಾಯವ್ಯದ ಊರುಗಳಲ್ಲಿ ತರಬೇತಿ ಮೇಲೆ ತರಬೇತಿ. ವಿಮಾನಗಳು ಬೇರೆ ಕೆಲಸಗಳಿಗೆ ಹೋಗುತ್ತಿದ್ದವು. ಇವರ ಪಾಲಿನ ಯುದ್ಧ ಬರಲೇ ಇಲ್ಲ. 1944ರ ಮಾರ್ಚಿ ತಿಂಗಳ ಆರಂಭದಲ್ಲಿ ಬ್ರಿಗೇಡನ್ನು ಮಣಿಪುರಕ್ಕೆ ಕಳಿಸಿದರು. ಕಾಡಿನ ಯುದ್ಧದ ಅಭ್ಯಾಸಕ್ಕೆಂದು, ಶಾಂತವಾದ ಜಾಗವೆಂದು ಹೇಳಿ ಕಳಿಸಿದ್ದು. ಬ್ರಿಗೇಡಿಯರ್ ಹೋಪ್-ಥಾಮ್ಸನ್ ಎಂಬಾತ ಆಗ ಅದರ ಮುಖ್ಯಸ್ಥ, ವಯಸ್ಸು ಮೂವತ್ತನ್ನು ಈಗತಾನೆ ದಾಟಿದವನು. ಇಂಫಾಲದಿಂದ ಈಶಾನ್ಯಕ್ಕೆ ಉಖ್ರುಲ್ ಕಡೆಯ ಬೆಟ್ಟಸೀಮೆ ಅವರ ನೆಲೆ. ತಾಂಗ್‌ಖುಲ್ ನಾಗಾ ಜನರ ನಾಡು ಅದು. ಪೆಟಿಗ್ರೂ ಎಂಬ ಪಾದ್ರಿ 1896ರಲ್ಲಿ ಉಖ್ರುಲಿಗೆ ಬಂದು ಶಾಲೆ ತೆರೆದಂದಿನಿಂದ ಅಲ್ಲಿಯ ಬೆಟ್ಟದ ತುದಿಗಳಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನ್ನಿನ ಇಗರ್ಜಿಗಳು ಎದ್ದಿದ್ದವು.

ಜಪಾನರ ಎರಡು ಡಿವಿಜನ್ನುಗಳು ಮಾರ್ಚಿ 15ರ ರಾತ್ರಿ ಚಿಂದ್ವಿನ್ ನದಿಯನ್ನು ದಾಟಿದವು. ಈಶಾನ್ಯದ ಆ ಬೆಟ್ಟಗಳ ಮೂಲಕ ದೊಡ್ಡ ಸೈನ್ಯ ಬರಲಾರದೆಂದು ಇಂಫಾಲದ ಸೇನಾನಾಯಕರು ನಂಬಿದ್ದರು. ಬೆಟ್ಟವೆಂದರೆ ಗೋಡೆಯೆಂದು ನಕಾಶೆ ನೋಡುವವನು ತಿಳಿಯುತ್ತಾನೆ. ನಡೆಯುವವನಿಗೆ ಅದು ದಾರಿ. ಮಾರ್ಚಿ 19ರಂದು ಶೆಲ್ಡನ್ಸ್ ಕಾರ್ನರ್ ಎಂಬಲ್ಲಿಗೆ ಪೂರ್ವದ ಒಂದು ಗುಡ್ಡದ ಮೇಲೆ 152ನೆಯ ಪಟಾಲಮ್ಮಿನ ‘ಸಿ’ ಕಂಪನಿ ಕಾವಲಿತ್ತು. ಆ ಗುಡ್ಡಕ್ಕೆ ಸೈನ್ಯದ ನಕಾಶೆಯಲ್ಲಿ ಹೆಸರೇ ಇರಲಿಲ್ಲ. ಎತ್ತರದ ಅಡಿಯ ಲೆಕ್ಕವೇ ಹೆಸರು: 7378. ಅಂದು ಕೆಳಗಿನ ದಾರಿಯಲ್ಲಿ ಶತ್ರುವಿನ ದಂಡು ನೂರುಗಟ್ಟಲೆಯಾಗಿ ಬರುತ್ತಿರುವುದನ್ನು ಅವರು ಕಂಡರು. ಜಪಾನಿನ 58ನೆಯ ರೆಜಿಮೆಂಟು ಅದು. ಮಾರನೆಯ ದಿನದ ಹೊತ್ತಿಗೆ ಆ ಕಂಪನಿ ಇಲ್ಲವಾಗಿತ್ತು. ಗುಂಡು ಮುಗಿದಮೇಲೆ ಬೆರಳೆಣಿಕೆಯ ಜನ ಹೇಗೋ ಪಾರಾಗಿ ಬಂದರು. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಉಳಿದಿದ್ದ ಅಧಿಕಾರಿಯೊಬ್ಬ ತಮ್ಮ ಕಣ್ಣೆದುರಿಗೇ ಪಿಸ್ತೂಲನ್ನು ತನ್ನ ತಲೆಗಿಟ್ಟು ಹಾರಿಸಿಕೊಂಡನೆಂದು ಜಪಾನೀ ರೆಜಿಮೆಂಟಿನವರು ಬರೆದಿಟ್ಟಿದ್ದಾರೆ. ಶತ್ರುವಿನ ಸಾವನ್ನು ಶತ್ರುವೇ ದಾಖಲಿಸಿದ ಬರಹ ಅದು. ನಮ್ಮ ಕಡೆಯಲ್ಲಿ ಅದನ್ನು ನೋಡಿ ಹೇಳುವವರು ಯಾರೂ ಉಳಿದಿರಲಿಲ್ಲ.

ಹಿಂದೆ ಸರಿದ ಬ್ರಿಗೇಡು ಮಾರ್ಚಿ 21ರ ರಾತ್ರಿ ಸಾಂಗ್‌ಶಾಕ್ ಎಂಬ ಹಳ್ಳಿಯನ್ನು ಸೇರಿತು. ಉಖ್ರುಲಿನಿಂದ ದಕ್ಷಿಣಕ್ಕೆ ಕೆಲವು ಮೈಲಿ. ಇಳಿಜಾರಿನ ಮೇಲೊಂದು ಊರು, ವಾಯವ್ಯದ ಮೂಲೆಯ ದಿಣ್ಣೆಯಲ್ಲಿ ಇಗರ್ಜಿ. ಸುಮಾರು 2000 ಜನ ಸೈನಿಕರು ಕೆಲವೇ ನೂರು ಗಜದ ಆ ಜಾಗದಲ್ಲಿ ಒತ್ತಿಕೊಂಡರು. ಪ್ಯಾರಾಚೂಟಿನವರಲ್ಲದೆ 4/5ನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಪಟಾಲಮ್ಮೂ ಅಲ್ಲಿತ್ತು. ನೇಪಾಳದ ರಾಜಸೈನ್ಯದ ಕಾಲಿಬಹಾದ್ದೂರ್ ರೆಜಿಮೆಂಟಿನ ತುಕಡಿಗಳೂ, ಬೆಟ್ಟದ ಫಿರಂಗಿಯವರೂ ಇದ್ದರು. ಮರಾಠಾ ರೆಜಿಮೆಂಟೆಂದರೆ ನಮಗೆ ದೂರದ್ದಲ್ಲ. 1922ರಿಂದಲೂ ಅದರ ತರಬೇತಿ ಕೇಂದ್ರ ಬೆಳಗಾವಿ. ಆ ಸೀಮೆಯ ಹಳ್ಳಿಗಳಲ್ಲಿ ಮಗ ‘ಮರಾಠಾದಲ್ಲಿದ್ದಾನೆ’ ಎಂದರೆ ಯಾರೂ ವಿವರ ಕೇಳುವುದಿಲ್ಲ.

ಹೊಂಡ ತೋಡಹೊರಟವರಿಗೆ ಮೊದಲ ಆಘಾತ ನೆಲದಿಂದಲೇ ಬಂತು. ಎರಡು ಮೂರು ಅಡಿ ಕೆಳಗೆ ಬಂಡೆ. ಮನುಷ್ಯ ಮಂಡಿಯೂರಿದರೂ ತಲೆ ಮೇಲೆ ಕಾಣುವಷ್ಟು ಆಳ. ಮುಳ್ಳುತಂತಿ ಬೇಕೆಂದು ಕೇಳಿದ್ದರು, ಬಂದಿರಲಿಲ್ಲ. ಬೇಲಿಯಿಲ್ಲದ ಹೊಲದಲ್ಲಿ ರಾತ್ರಿ ಕಾವಲು ಕೂತಂತೆ ಕೂತರು. ಬೆಟ್ಟದ ನೆತ್ತಿಯಲ್ಲಿ ನೀರಿನ ಆಸರೆ ಸಾಲದು. ಜಪಾನರು ಸುತ್ತುಗಟ್ಟಿದ ಮೇಲೆ ಇದ್ದ ನೀರನ್ನು ಅಳೆದು ಅಳೆದು ಹಂಚಬೇಕಾಯಿತು.

ಮಾರ್ಚಿ 22ರಿಂದ 26ರವರೆಗೆ ಐದು ದಿನ. ಆ ಐದು ದಿನಗಳ ಏರಿಳಿತವನ್ನು ಗಂಟೆಗಂಟೆಗೂ ಹೇಳುವುದು ಯುದ್ಧಶಾಸ್ತ್ರದವರ ಕೆಲಸ. ಅಲ್ಲಿದ್ದ ಅಧಿಕಾರಿಗಳು ಬರೆದುದನ್ನು ಓದಿದರೆ ಗುಂಡಿನ ಸದ್ದಿಗಿಂತ ಹೆಚ್ಚಾಗಿ ಎದ್ದು ಬರುವುದು ಮೂರು ಸಂಗತಿ: ಬಾಯಾರಿಕೆ, ನಿದ್ದೆ, ನಾತ. ಮಂದಿ ನಿಂತಲ್ಲೇ ತೂಕಡಿಸುತ್ತಿದ್ದರು. ಪಕ್ಕದವನು ಸತ್ತಿರುವನೋ ಮಲಗಿರುವನೋ ತಿಳಿಯುತ್ತಿರಲಿಲ್ಲ. ಹೇರು ಹೊರುವ ಹೇಸರಗತ್ತೆಗಳು ಫಿರಂಗಿಯ ಗುಂಡಿಗೆ ಸತ್ತು ಬಿದ್ದಿದ್ದವು. ಬಂಡೆಯ ನೆಲದಲ್ಲಿ ಅವನ್ನು ಹೂಳುವುದಾಗಲಿಲ್ಲ. ಮನುಷ್ಯರನ್ನೂ ಸರಿಯಾಗಿ ಹೂಳುವುದಾಗಲಿಲ್ಲ. ಗಾಯಾಳುಗಳ ಶುಶ್ರೂಷೆ ನಡೆಯುತ್ತಿದ್ದ ಜಾಗವೂ ಶತ್ರುವಿನ ಗುಂಡಿಗೆ ತೆರೆದೇ ಇತ್ತು. ಒಮ್ಮೆ ಕಟ್ಟು ಕಟ್ಟಿಸಿಕೊಂಡು ಮಲಗಿದವನಿಗೆ ಮಲಗಿದಲ್ಲೇ ಎರಡನೆಯ ಗಾಯ.

ಆಕಾಶದಿಂದ ಇಳಿಯಲು ಕಲಿತವರು ಈಗ ಆಕಾಶವನ್ನೇ ನೋಡುತ್ತ ಕುಳಿತರು. ನೀರು, ಮದ್ದುಗುಂಡು, ಔಷಧಿ ಎಲ್ಲವೂ ಅಲ್ಲಿಂದಲೇ ಬರಬೇಕು. ಡಕೋಟಾ ವಿಮಾನಗಳು ಬಂದವು, ಬಣ್ಣಬಣ್ಣದ ಛತ್ರಿಗಳನ್ನು ಇಳಿಬಿಟ್ಟವು. ಗುರಿ ಎಷ್ಟು ಕಿರಿದೆಂದರೆ ಬಹುಪಾಲು ಛತ್ರಿಗಳು ಗಾಳಿಗೆ ತೇಲಿ ಜಪಾನರ ಕಡೆ ಇಳಿದವು. ಗಾಳಿ ಎತ್ತ ಬೀಸುತ್ತಿದೆ, ಎಷ್ಟು ಎತ್ತರದಲ್ಲಿ ಬಿಟ್ಟರೆ ಎಲ್ಲಿ ಬೀಳುತ್ತದೆ ಎಂಬುದನ್ನು ಮೈಯಲ್ಲೇ ಅರಿತಿದ್ದ ಜನ, ಬಿಟ್ಟ ಕ್ಷಣದಲ್ಲೇ ಇದು ನಮ್ಮದಲ್ಲವೆಂದು ತಿಳಿದು ಸುಮ್ಮನೆ ನೋಡುತ್ತಿದ್ದರಲ್ಲ, ಆ ನೋಟವನ್ನು ನೆನೆದರೆ ಸಂಕಟವಾಗುತ್ತದೆ. ಒಂದು ವಿಮಾನ ಮಾತ್ರ ಗುಂಡಿಗೆ ಅಂಜದೆ ತಗ್ಗಿ ಬಂದು ಸರಿಯಾದ ಜಾಗದಲ್ಲಿ ಇಳಿಸುತ್ತಿತ್ತಂತೆ. ಅದನ್ನು ನಡೆಸುತ್ತಿದ್ದವರು ಹಿಂದೆ ಇದೇ ಬ್ರಿಗೇಡಿಗೆ ಹಾರಾಟದ ತರಬೇತಿಯ ಕಾಲದಲ್ಲಿ ಜೊತೆಗಿದ್ದವರೆಂದು ಹೇಳುತ್ತಾರೆ.

ಈ ನಡುವೆ ಒಬ್ಬ ಜಪಾನೀ ಅಧಿಕಾರಿಯ ಶವದ ಮೇಲೆ ನಕಾಶೆ, ಕಾಗದಪತ್ರಗಳು ಸಿಕ್ಕವು. ನೋಡಿದರೆ, ಶತ್ರುವಿನ 31ನೆಯ ಡಿವಿಜನ್ನು ಇಡಿಯಾಗಿ ಕೊಹಿಮಾದತ್ತ ಹೊರಟಿರುವ ಸಂಚು ಅದರಲ್ಲಿತ್ತು. ಅದರ ಪ್ರತಿಯನ್ನು ಹೊತ್ತು ರಾತ್ರಿ ಶತ್ರುವಿನ ಸಾಲುಗಳ ನಡುವೆ ನುಸುಳಿ ಇಂಫಾಲಕ್ಕೆ ಮುಟ್ಟಿಸಿದರು. ಸುತ್ತುಗಟ್ಟಿದ ಊರಿನಿಂದ ಒಂದು ಓಲೆ ಹೊರಹೋದದ್ದು ಅಲ್ಲಿ ಚೆಲ್ಲಿದ ರಕ್ತಕ್ಕೆ ಸಿಕ್ಕ ಪ್ರತಿಫಲಗಳಲ್ಲಿ ಒಂದು.

ಕೊನೆಯ ದಿನ, 26ರಂದು, ಹೋರಾಟವೆಲ್ಲ ಇಗರ್ಜಿಯ ದಿಣ್ಣೆಗೆ ಬಂದು ನಿಂತಿತು. ಜಪಾನರು ಅದನ್ನು ಹಿಡಿದರು, ಇವರು ಬಿಡಿಸಿಕೊಂಡರು, ಮತ್ತೆ ಹಿಡಿದರು. ಗುಂಡು ತೀರಿದ ಫಿರಂಗಿಯವರು ಫಿರಂಗಿಯನ್ನು ಬಿಟ್ಟು ಬಂದೂಕು ಹಿಡಿದರು. ಕರಾಚಿಯಲ್ಲಿ ಮೊದಲು ಹಾರಿದ ಆ ಹಾಪ್‌ಕಿನ್ಸನ್ ಈಗ 152ನೆಯ ಪಟಾಲಮ್ಮಿನ ಮುಖ್ಯಸ್ಥ; ಮರುದಾಳಿಗೆ ತಾನೇ ಮುಂದಾಗಿ ಗಾಯಗೊಂಡ. ಸಂಜೆ ಆರರ ಸುಮಾರಿಗೆ ತಂತಿಯಿಲ್ಲದ ಯಂತ್ರದಲ್ಲಿ ಅಪ್ಪಣೆ ಬಂತು: ಸಾಧ್ಯವಾದ ದಾರಿ ಹಿಡಿದು ಹೊರಬನ್ನಿ. ಆ ರಾತ್ರಿ ಉಳಿದವರು ಸಣ್ಣ ಸಣ್ಣ ಗುಂಪಾಗಿ ದಕ್ಷಿಣದ ಕಣಿವೆಗಿಳಿದು, ಕಾಡುಬೆಟ್ಟಗಳನ್ನು ದಾಟಿ, ದಿನಗಳ ಮೇಲೆ ಇಂಫಾಲವನ್ನು ಸೇರಿದರು. ಹೊರಲು ಸಾಧ್ಯವಾದ ಗಾಯಾಳುಗಳನ್ನು ಹೊತ್ತುಕೊಂಡರು. ಹೊರಲಾಗದವರನ್ನು ಅಲ್ಲೇ ಬಿಟ್ಟರು. ಬಿಡುವ ಮುನ್ನ ಯಾರು ಯಾರಿಗೆ ಏನು ಹೇಳಿದರೋ, ಯಾವ ಭಾಷೆಯಲ್ಲಿ ಹೇಳಿದರೋ.

ಜಪಾನರು ಸೆರೆಯವರನ್ನು ನಡೆಸಿಕೊಂಡ ರೀತಿ ಆ ಯುದ್ಧದಲ್ಲಿ ಕುಪ್ರಸಿದ್ಧ. ಸಾಂಗ್‌ಶಾಕಿನಲ್ಲಿ ಮಾತ್ರ ಬೇರೊಂದು ಸಂಗತಿಯನ್ನು ಜಪಾನೀ ಕಡೆಯವರ ನೆನಪುಗಳು ಹೇಳುತ್ತವೆ. ಹಿಂದೆ ಬಿದ್ದಿದ್ದ ತಮ್ಮ ಕಂಪನಿಯ ನಾಯಕನೊಬ್ಬನ ಶವಕ್ಕಾಗಿ ಅವರು ಹುಡುಕಿದಾಗ, ಅದನ್ನು ಕಂಬಳಿಯಲ್ಲಿ ಸುತ್ತಿ ಮರ್ಯಾದೆಯಿಂದ ಹೂತಿರುವುದು ಕಂಡಿತಂತೆ. ತಮ್ಮವರನ್ನೇ ಹೂಳಲು ನೆಲ ಸಾಲದಿದ್ದ ಜಾಗದಲ್ಲಿ ಶತ್ರುವನ್ನು ಹೂತಿದ್ದರು. ಇದನ್ನು ಕಂಡು ಅವರ ಸೇನಾಪತಿ ಮಿಯಾಜಾಕಿ, ಬಿಟ್ಟುಹೋದ ಗಾಯಾಳುಗಳಿಗೆ ಹಿಂಸೆ ಕೂಡದೆಂದು ಅಪ್ಪಣೆ ಮಾಡಿದನಂತೆ. ಕುಮಾರವ್ಯಾಸನಿಗೆ ಇಂಥದೊಂದು ಪ್ರಸಂಗ ಸಿಕ್ಕಿದ್ದರೆ!

ಬ್ರಿಗೇಡು ಕಳೆದುಕೊಂಡದ್ದು ಸುಮಾರು 600 ಜನರನ್ನು. 152ನೆಯ ಪಟಾಲಮ್ಮಿನಲ್ಲಿ ಐದರಲ್ಲಿ ನಾಲ್ಕು ಪಾಲು ಸತ್ತಿತ್ತು ಇಲ್ಲವೆ ಗಾಯಗೊಂಡಿತ್ತು. ಜಪಾನರ ಕಡೆ ಸತ್ತವರು, ಗಾಯಗೊಂಡವರು 400ಕ್ಕೂ ಹೆಚ್ಚು. ಅವರಿಗೆ ಇದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಕೊಹಿಮಾ ಸೇರಬೇಕಾಗಿದ್ದ ದಂಡು ಇಲ್ಲಿ ಸುಮಾರು ಒಂದು ವಾರ ಸಿಕ್ಕಿಬಿತ್ತು. ಕೊಹಿಮಾದ ಯುದ್ಧ ಆರಂಭವಾದದ್ದು ಏಪ್ರಿಲ್ 4ರಂದು. ಅಷ್ಟರಲ್ಲಿ ಅಲ್ಲಿ ಕಾವಲಿಗೆ ಒಂದಿಷ್ಟು ಸೈನ್ಯವಾದರೂ ಸೇರಿತ್ತು. ಜೂನ್ 22ರಂದು ಇಂಫಾಲ-ಕೊಹಿಮಾ ರಸ್ತೆ ತೆರೆದಾಗ ಭಾರತದ ಮೇಲಿನ ದಂಡಯಾತ್ರೆ ಮುರಿದುಬಿದ್ದಿತ್ತು. ಇಷ್ಟಾದರೂ ಮೊದಲಲ್ಲಿ ಬ್ರಿಗೇಡಿಗೆ ಸಿಕ್ಕಿದ್ದು ಬೈಗುಳ. ಹೋಪ್-ಥಾಮ್ಸನ್‌ನನ್ನು ಪದವಿಯಿಂದ ಇಳಿಸಿ ಇಂಗ್ಲೆಂಡಿಗೆ ಕಳಿಸಿದರು. ಎಚ್ಚರಿಕೆ ಕೊಡದೆ, ತಂತಿ ಕೊಡದೆ ಕಳಿಸಿದವರ ತಪ್ಪು ಯಾರ ಮೇಲಾದರೂ ಬೀಳಬೇಕಿತ್ತಲ್ಲ. ಅದೇ ವರ್ಷ ಆಗಸ್ಟ್ ಕೊನೆಗೆ 14ನೆಯ ಸೈನ್ಯದ ಜನರಲ್ ಸ್ಲಿಮ್ ವಿಶೇಷ ಆಜ್ಞೆಯೊಂದನ್ನು ಹೊರಡಿಸಿ, ಶತ್ರುವಿನ ಮೊದಲ ಏಟನ್ನು ತಡೆದು ಇಂಫಾಲಕ್ಕೆ ಕಾಲಾವಕಾಶ ದೊರಕಿಸಿದವರು ಇವರೇ ಎಂದು ಒಪ್ಪಿಕೊಂಡ.

ಸಾಂಗ್‌ಶಾಕ್ ಬಿದ್ದ ಮೂರು ವಾರದೊಳಗೆ, ಏಪ್ರಿಲ್ 14ರಂದು, ಅದೇ ಮಣಿಪುರದ ಮೊಯಿರಾಂಗಿನಲ್ಲಿ ಆಜಾದ್ ಹಿಂದ್ ಫೌಜು ತ್ರಿವರ್ಣ ಧ್ವಜವನ್ನು ಏರಿಸಿತು. ಅವರೂ ಭಾರತದ ಸಿಪಾಯಿಗಳೇ. ಜಪಾನರ ಜೊತೆ ಬಂದವರು. ಅವರನ್ನು ನಾವು ಸ್ಮರಿಸಿದ್ದೇವೆ, ಸ್ಮರಿಸಬೇಕು. ಬೆಟ್ಟದ ಮೇಲೆ ಸತ್ತವರನ್ನು ಬ್ರಿಟಿಷರು ಆರ್ನೆಮ್ ಮುಂತಾದ ತಮ್ಮ ಊರಿನ ಕಥೆಗಳ ಗದ್ದಲದಲ್ಲಿ ಮರೆತರು. ನಾವು ಸ್ವಾತಂತ್ರ್ಯದ ಸಂಭ್ರಮದಲ್ಲಿ ಮರೆತೆವು. ಇನ್ನು ತಾಂಗ್‌ಖುಲ್ ಹಳ್ಳಿಯವರು. ಅವರ ಇಗರ್ಜಿ, ಮನೆ, ಗದ್ದೆ ಎರಡು ಸೈನ್ಯಗಳ ನಡುವೆ ಹಾಳಾಯಿತು. ಅವರ ಪಾಲಿಗೆ ಗೆದ್ದವರು ಯಾರು?

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ದೊಡ್ಡ ಕೊರತೆಯೆಂದು ಕಾಣುವುದು ಇದು. ಈ ಬ್ರಿಗೇಡನ್ನು ಕುರಿತ ಪುಸ್ತಕಗಳಿವೆ. ಗೂರ್ಖಾ ಪಟಾಲಮ್ಮಿನ ವೈದ್ಯನಾಗಿದ್ದ ಎರಿಕ್ ನೀಲ್ಡ್ ಬರೆದಿದ್ದಾನೆ. ಅದೇ ಪಟಾಲಮ್ಮಿನ ತರುಣ ಅಧಿಕಾರಿಯಾಗಿದ್ದ ಹ್ಯಾರಿ ಸೀಮನ್ ಬರೆದಿದ್ದಾನೆ. ಪ್ರಾಮಾಣಿಕವಾದ ಬರಹಗಳು. ಆದರೆ ಬರೆದವರೆಲ್ಲ ಅಧಿಕಾರಿಗಳು, ಭಾಷೆ ಇಂಗ್ಲಿಷು. ಸಿಪಾಯಿ ಅಲ್ಲಿ ಮೂರನೆಯ ಪುರುಷ. ಅವನು ಊರಿಗೆ ಬರೆಸಿದ ಕಾಗದಗಳನ್ನು ಸೈನ್ಯದ ಸೆನ್ಸಾರಿನವರು ಒಡೆದು ಓದಿ, ಸಿಪಾಯಿಗಳ ಮನಸ್ಸು ಹೇಗಿದೆಯೆಂದು ತಿಳಿಯಲು ಅಲ್ಲಲ್ಲಿ ಕೆಲವು ಸಾಲುಗಳನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಿನವರಿಗೆ ಕಳಿಸುತ್ತಿದ್ದರು. ಎರಡೂ ಮಹಾಯುದ್ಧಗಳ ಭಾರತೀಯ ಸೈನಿಕರ ಮಾತು ಬಹುಮಟ್ಟಿಗೆ ಆ ಕಳ್ಳಕಿವಿಯ ಟಿಪ್ಪಣಿಗಳಲ್ಲೇ ಉಳಿದಿದೆ. ಹೆಂಡತಿಗೆ ಆಡಿದ ಮಾತು ಸರಕಾರದ ಕಡತದಲ್ಲಿ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಉದಾರಿಗಳು. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತ ಊರಗೌಡನಿಗೂ, ಅವನ ಆಳಿಗೂ ಕಲ್ಲು ನಿಲ್ಲಿಸಿದರು. ಮಂಡ್ಯ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಒಂದು ಕಲ್ಲಿದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ್ದು. ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ. ವೀರಗಲ್ಲಿನ ರಚನೆಯನ್ನು ತಾವು ಬಲ್ಲಿರಿ: ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಆಕಾಶಕ್ಕೆ ಒಯ್ಯುವ ಚಿತ್ರ, ಮೇಲೆ ದೇವರ ಸನ್ನಿಧಿ. ಸತ್ತವನು ಮೇಲಕ್ಕೆ ಹೋಗುತ್ತಾನೆ. 7378ರ ಗುಡ್ಡದಲ್ಲಿ ಸತ್ತವರಿಗೆ ಕಲ್ಲು ಕೆತ್ತಬೇಕಾದರೆ ಶಿಲ್ಪಿ ತುಸು ಯೋಚಿಸಬೇಕಾದೀತು. ಅವರು ಬದುಕಿದ್ದಾಗಲೇ ಅಲ್ಲಿಗೆ ಹೋಗಿ ಇಳಿದು ಬಂದವರು.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1945ರ ಮಾರ್ಚಿ 1ರಂದು ಭಾರತೀಯ ಪ್ಯಾರಾಚೂಟ್ ರೆಜಿಮೆಂಟು ಎಂಬ ಹೆಸರು ವಿಧ್ಯುಕ್ತವಾಗಿ ಬಂತು. ಅದರ ಜೊತೆಗೆ ಬಂದ ಏರ್ಪಾಟು ಒಂದಿದೆ. 152ನೆಯ ಪಟಾಲಮ್ಮನ್ನು ಎರಡಾಗಿ ಸೀಳಿ, ಹಿಂದೂಗಳದೊಂದು, ಮುಸಲ್ಮಾನರದೊಂದು ಪಟಾಲಮ್ಮು ಮಾಡಿದರು. ಒಂದೇ ವಿಮಾನದಿಂದ ಹಾರಿ, ಒಂದೇ ಬೆಟ್ಟದ ಮೇಲೆ ಅಳೆದು ಕೊಟ್ಟ ನೀರನ್ನು ಕುಡಿದಿದ್ದವರು! ದೇಶ ಒಡೆಯಲು ಇನ್ನೂ ಎರಡು ವರ್ಷವಿತ್ತು.

ಇಷ್ಟು ಕಾಲ ಕಾದ ಮೇಲೆ ಪಟಾಲಮ್ಮಿನಷ್ಟು ಜನ ಒಟ್ಟಿಗೆ ಯುದ್ಧರಂಗಕ್ಕೆ ಹಾರುವ ದಿನವೂ ಬಂತು: 1945ರ ಮೇ 1, ರಂಗೂನ್ ನದಿಯ ಮುಖದಲ್ಲಿ ಎಲಿಫೆಂಟ್ ಪಾಯಿಂಟ್ ಎಂಬಲ್ಲಿ. ಗೂರ್ಖರ ಒಂದು ಮಿಶ್ರ ಪಟಾಲಮ್ಮು ಮಳೆಯಲ್ಲಿ ಇಳಿಯಿತು. ಗುರುತಿಗಾಗಿ ಹಳದಿ ಬಟ್ಟೆ ಧರಿಸಿದ್ದರೂ ಅಮೆರಿಕದ ಬಾಂಬು ವಿಮಾನಗಳು ಇವರ ಮೇಲೆಯೇ ಬಾಂಬು ಹಾಕಿ ಹಲವರು ಸತ್ತರು, ಗಾಯಗೊಂಡರು. ಜಪಾನರು ಆಗಲೇ ರಂಗೂನನ್ನು ತೊರೆದಿದ್ದರು. ನದೀಮುಖದಲ್ಲಿ ಒಂದು ಸಣ್ಣ ತುಕಡಿ ಮಾತ್ರ ಉಳಿದಿತ್ತು, ಅದು ಕೊನೆಯವರೆಗೂ ಕಾದಿತು. ಜೀವಸಹಿತ ಸಿಕ್ಕವನು ಒಬ್ಬ.

ಯುದ್ಧ ಮುಗಿದ ಮರುವರ್ಷ ರೆಜಿಮೆಂಟನ್ನು ವಿಸರ್ಜಿಸಿದರು. 1947ರಲ್ಲಿ ಪ್ಯಾರಾಚೂಟ್ ಬ್ರಿಗೇಡುಗಳೂ ಹಂಚಿಕೆಯಾದವು: 14ನೆಯದು ಪಾಕಿಸ್ತಾನಕ್ಕೆ, 50 ಮತ್ತು 77 ನಮಗೆ. ಧರ್ಮದ ಲೆಕ್ಕ ಹಿಡಿದು ಹಂಚಿದವರ ಲೆಕ್ಕಕ್ಕೆ ಸಿಗದ ಒಬ್ಬನಿದ್ದ. ಪಾಕಿಸ್ತಾನದ ಆಹ್ವಾನವನ್ನು ಒಲ್ಲೆನೆಂದು ಇಲ್ಲೇ ಉಳಿದ ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನ್. 50ನೆಯ ಬ್ರಿಗೇಡಿನ ನಾಯಕನಾಗಿಯೇ 1948ರ ಜುಲೈ 3ರಂದು ಕಾಶ್ಮೀರದ ಝಂಗರಿನಲ್ಲಿ ಪ್ರಾಣ ಕೊಟ್ಟ. ರೆಜಿಮೆಂಟು 1952ರಲ್ಲಿ ಮರುಹುಟ್ಟು ಪಡೆಯಿತು. ಅದರ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂತು. ನಮ್ಮ ನಡುವೆಯೇ ಇದೆ.

ಆ ಮೊದಲ ಇಬ್ಬರಲ್ಲಿ ಒಬ್ಬನ ಮಾತು ಬಾಕಿಯಿದೆ. ಡಾಕ್ಟರ್ ರಂಗರಾಜ್ ಸೈನ್ಯದಲ್ಲೇ ಉಳಿದರು. ಕೊರಿಯಾದಲ್ಲಿ ಯುದ್ಧ ಹೊತ್ತಿದಾಗ ಭಾರತವು ಬಂದೂಕಿನವರನ್ನು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸಿನ ಮುಖ್ಯಸ್ಥರಾಗಿ ಹೋದವರು ಅವರು. 1951ರ ಮಾರ್ಚಿ 23, ಸಾಂಗ್‌ಶಾಕಿನ ಆ ವಾರಕ್ಕೆ ಸರಿಯಾಗಿ ಏಳು ವರ್ಷ. ಮುನ್‌ಸಾನ್ ಎಂಬಲ್ಲಿ ಅಮೆರಿಕದ 187ನೆಯ ವಾಯುದಳ ಸಾವಿರಗಟ್ಟಲೆಯಾಗಿ ಹಾರಿದಾಗ, ಅದರ ಜೊತೆಗೆ ಹಾರಿದ ಭಾರತೀಯರ ಸಣ್ಣ ತಂಡವೊಂದರಲ್ಲಿ ಅವರೂ ಇದ್ದರು. ಬಯಲಿಗೆ ಇಳಿದರು, ಛತ್ರಿಯನ್ನು ಬಿಚ್ಚಿ ಬದಿಗಿಟ್ಟರು, ಗಾಯಗೊಂಡವರು ಎಲ್ಲಿದ್ದಾರೆಂದು ಹುಡುಕುತ್ತ ಹೊರಟರು.